ಕಂಬಳಿ ಹೊದ್ದ ಕುಕ್ಕರ್

ಹೋದ ವರ್ಷ ಶಿಲ್ಪಶ್ರೀ ಫೇಲಾದದ್ದು ಓದದೆ ಅಲ್ಲ, ನಿಜ ಹೇಳಿ.

ಜಯನಗರದ ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವವರೆಲ್ಲ ಹಗಲಿಡೀ ಎಲ್ಲೋ ದುಡಿದು ಬಂದವರು. ಕೊನೆಯ ವರ್ಷದ ಪ್ರಾಜೆಕ್ಟನ್ನು ಕೈಯಾರೆ ಮಾಡುವ ಪುರುಸೊತ್ತು ಅವರಿಗೆ ಎಲ್ಲಿಂದ ಬರಬೇಕು? ಅದಕ್ಕೆಂದೇ ಪೇಟೆಯಲ್ಲಿ ಅಂಗಡಿಗಳಿವೆ. ಓಡುವ ಮಾದರಿ, ಅದರ ವರದಿ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಶಿಲ್ಪಶ್ರೀಯ ಗುಂಪಿನ ನಾಲ್ವರೂ ಹಾಗೆ ಒಂದು ಸೋಲಾರ್ ಗಾಡಿ ಕೊಂಡು ತಂದಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು, ನಂದಕುಮಾರ್ ಎಂಬ ದಪ್ಪ ಕನ್ನಡಕದ ಮನುಷ್ಯ, "ಇದನ್ನ ನೀವೇ ಮಾಡಿದ್ರಾ?" ಎಂದು ಮೊದಲು ಕೇಳಿದ್ದು ಅವಳನ್ನೇ. ಹೂಂ ಅನ್ನಲು ಬಾಯಿ ತೆರೆದಳು. "ಇಲ್ಲ ಸಾರ್, ಅಂಗಡೀಲಿ ತಗೊಂಡ್ವಿ" ಎಂಬ ಮಾತು ಹೊರಬಿತ್ತು. ನಾಲ್ವರೂ ಫೇಲು.

ಅವತ್ತಿನಿಂದ ಅವಳ ಹೆಸರು 'ಸತ್ಯಕ್ಕ'. ಇಟ್ಟವನು ಗುಂಪಿನಲ್ಲಿದ್ದ ರವಿಕಿರಣ್. ಬಿಟಿಎಂ ಲೇಔಟಿನಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡಿದ್ದ ಹುಡುಗ. ಅವನ ಒಂದು ವರ್ಷ ತನ್ನ ನಾಲಿಗೆಯಿಂದ ಹೋಯಿತಲ್ಲ ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ. ಈ ವರ್ಷ ಎಲ್ಲರೂ ಒಬ್ಬೊಬ್ಬರೇ ಪ್ರಾಜೆಕ್ಟ್ ಮಾಡಬೇಕೆಂದು ನಿಯಮ ಬಂದಿತ್ತು. ಅವಳಿಗೆ ಇದೇ ಕೊನೆಯ ಅವಕಾಶ. ಈ ಸಲವೂ ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಇಡ್ಲಿ ಹಬೆಯಲ್ಲಿ ಬೆಂದು, ಬಸ್ಸಿನಲ್ಲಿ ನಿಂತು, ತೂಕಡಿಸುತ್ತ ಕಲಿತ ಇಷ್ಟು ವರ್ಷಗಳ ಸಂಜೆಗಳೆಲ್ಲ ನೀರುಪಾಲು.

ಅವಳು ಆರಿಸಿಕೊಂಡ ವಿಷಯ ಕೇಳಿ ಮೇಷ್ಟ್ರು ಹುಬ್ಬೇರಿಸಿದರು. ಭೂಮಿಯ ಶಾಖದಿಂದ ವಿದ್ಯುತ್ತು.

"ಬೆಂಗಳೂರಲ್ಲಿ ಕೂತ್ಕೊಂಡು ಜ್ವಾಲಾಮುಖಿ ಎಲ್ಲಿಂದ ತರ್ತೀರಮ್ಮ? ಸುಮ್ನೆ ಸೋಲಾರ್ ಮಾಡಿ."

ಸೋಲಾರ್ ಎಂಬ ಮಾತೇ ಅವಳಿಗೆ ಬೇಡವಾಗಿತ್ತು. ಅಲ್ಲದೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು ಹಬೆಯೊಂದೇ. ಜರಗನಹಳ್ಳಿಯ ಗಂಗಾಧರಯ್ಯನವರ ಕಟ್ಟಡದ ಕೆಳಗಡೆ ಅವಳ ಅತ್ತೆ ಸಿದ್ದಗಂಗಮ್ಮನ ತಟ್ಟೆ ಇಡ್ಲಿ ಅಡುಗೆಮನೆ. ಬೆಳಗಿನ ಏಳರೊಳಗೆ ಆರುನೂರು ಇಡ್ಲಿ ಬೆಂದು, ಶಿಲ್ಪಶ್ರೀಯ ಗಂಡ ಸೋಮನಾಥನ ವ್ಯಾನಿನಲ್ಲಿ ಬಿಟಿಎಂನಲ್ಲಿ ಹುಡುಗರು ಬಾಡಿಗೆಗಿರುವ ಪಿಜಿಗಳಿಗೆ ಹೋಗಬೇಕು. ದಿನವೂ ಉರಿಯ ಮುಂದೆ ನಿಲ್ಲುವವಳಿಗೆ, ಉರಿಯೇ ಇಲ್ಲದ ಹಬೆಯೊಂದು ಲೋಕದಲ್ಲಿದೆ ಎಂದು ಗ್ರಂಥಾಲಯದ ಪುಸ್ತಕದಲ್ಲಿ ಓದಿದಾಗ ರೋಮಾಂಚನವಾಗಿತ್ತು. ಕಲ್ಲಿದ್ದಲು ಬೇಡ, ಸೌದೆ ಬೇಡ, ಗ್ಯಾಸ್ ಬೇಡ. ನೆಲದಾಳದ ಬಂಡೆಯೇ ಒಲೆ.

ವಿಷಯ ಗಂಗಾಧರಯ್ಯನವರ ಕಿವಿಗೂ ಬಿತ್ತು. ಒಂದು ಕಾಲಕ್ಕೆ ಹಸು ಕಟ್ಟಿ, ಸೈಕಲ್ಲಿನಲ್ಲಿ ಜಯನಗರದ ಮನೆಮನೆಗೆ ಹಾಲು ಹಾಕಿದವರು. ಈಗ ನಾಲ್ಕು ಮಹಡಿಯ ಬಾಡಿಗೆ ಮನೆಗಳ ಯಜಮಾನರು. ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು.

"ನಮ್ ಬೋರು ಸಾವಿರದ ಇನ್ನೂರು ಅಡಿ ಕಣಮ್ಮ. ನೀರು ಬೆಚ್ಚಗೇ ಬರ್ತದೆ. ಹಂಗಾದ್ರೆ ನಾನು ಕರೆಂಟ್ ಬಿಲ್ಲು ಕಟ್ಟಂಗಿಲ್ಲ ಅನ್ನು!"

"ಬೆಚ್ಚಗಿದ್ರೆ ಸಾಲಲ್ಲ ಅಂಕಲ್. ನಮ್ಮ ಕಡೆ ಬಂಡೆ ತುಂಬ ಹಳೇದು, ತಣ್ಣಗಿದೆ. ಲಡಾಖ್ ಕಡೆ ಒಂದು ಕಣಿವೇಲಿ ನೆಲದಿಂದಾನೇ ಕುದಿಯೋ ನೀರು ಏಳತ್ತಂತೆ. ಅಂಥ ಕಡೆ ಬಾವಿ ಕೊರೀತಾರೆ. ಕೆಳಗಡೆ ನೀರು ನೂರು ಡಿಗ್ರಿಗಿಂತ ಎಷ್ಟೋ ಜಾಸ್ತಿ ಬಿಸಿಯಾಗಿರತ್ತೆ, ಆದ್ರೆ ಮೇಲಿನ ಭಾರಕ್ಕೆ ಕುದಿಯೋಕಾಗಲ್ಲ. ಮುಚ್ಚಿದ ಕುಕ್ಕರ್ ಒಳಗಿನ ನೀರಿನ ಹಾಗೆ. ಮೇಲಕ್ಕೆ ಬರ್ತಾ ಬರ್ತಾ ಒತ್ತಡ ಇಳಿಯತ್ತಲ್ಲ, ಆಗ ತಾನಾಗೇ ಕುದ್ದು ಹಬೆಯಾಗತ್ತೆ. ಆ ಹಬೆ ಚಕ್ರ ತಿರುಗಿಸತ್ತೆ, ಚಕ್ರ ಡೈನಮೋ ತಿರುಗಿಸತ್ತೆ."

"ಆಮೇಲೆ ಆ ನೀರು? ಚರಂಡಿಗಾ?"

"ಇಲ್ಲ ಅಂಕಲ್. ತಣ್ಣಗೆ ಮಾಡಿ ಇನ್ನೊಂದು ಬಾವಿಯಿಂದ ವಾಪಸ್ ಭೂಮಿಗೇ ಬಿಡ್ತಾರೆ. ಇಲ್ದಿದ್ರೆ ಒಂದಿನ ಬಾವಿ ಬತ್ತೋಗತ್ತೆ."

ಗಂಗಾಧರಯ್ಯ ಬೋರಿನ ಕಡೆ ನೋಡಿದರು. "ವಾಪಸ್ ಬಿಡ್ತಾರಾ... ನಾವು ಈ ಊರಲ್ಲಿ ಬರೀ ಎತ್ತಿದ್ದೇ ಎತ್ತಿದ್ದು" ಎಂದು ಎದ್ದುಹೋದರು. ಮಾರನೆಯ ದಿನ ತಮ್ಮ ಹಳೆಯ ಹಾಲಿನ ಸೈಕಲ್ಲಿನ ಡೈನಮೋವನ್ನೂ ಅದರ ದೀಪವನ್ನೂ ಒರೆಸಿ ತಂದುಕೊಟ್ಟರು. "ದೀಪ ಹೊತ್ತಿಸಿಯೇ ವಾಪಸ್ ಕೊಡ್ಬೇಕು, ಆಯ್ತಾ?"

ಹೀಗೆ ಬೆಳಗಿನ ಇಡ್ಲಿಗೂ ಸಂಜೆಯ ಕಾಲೇಜಿಗೂ ನಡುವಿನ ಮಧ್ಯಾಹ್ನಗಳಲ್ಲಿ ವಿದ್ಯುತ್ ಸ್ಥಾವರ ಎದ್ದಿತು. ಸಾಂಬಾರಿನ ಬೇಳೆ ಬೇಯುವ ಇಪ್ಪತ್ತು ಲೀಟರಿನ ಕುಕ್ಕರು ಭೂಗರ್ಭವಾಯಿತು. ಸೀಟಿ ಕೂರುವ ಜಾಗಕ್ಕೆ ಒಂದು ವಾಲ್ವು, ಒತ್ತಡ ತೋರಿಸುವ ಗೇಜು. ಸವೆದ ಇಡ್ಲಿ ತಟ್ಟೆಗಳನ್ನು ಕತ್ತರಿಸಿ ಚಕ್ರದ ರೆಕ್ಕೆ. ಅಪಾಯಕ್ಕೆಂದು ಹೆಚ್ಚುವರಿಯಾಗಿ ಎರಡು ಸೇಫ್ಟಿ ವಾಲ್ವು ಹಾಕಿಸಿದಳು. ಎರಡೂ ಕೈಕೊಟ್ಟರೆ ಎಂದು ಮೂರನೆಯದನ್ನು ಕೇಳಲು ಹೋದಾಗ ಹಾರ್ಡ್‌ವೇರ್ ಅಂಗಡಿಯವನು ನಕ್ಕ. "ಅಕ್ಕ, ನೀವು ಮಾಡ್ತಿರೋದು ಕುಕ್ಕರ್ರೋ ರಾಕೆಟ್ಟೋ?"

ಮೊದಲ ದಿನವೇ ಸೋಲು. ಕುಕ್ಕರು ಕಾಯಿಸಿ ವಾಲ್ವು ತಿರುಗಿಸಿದರೆ ಹಬೆಯ ಜೊತೆ ನೀರೂ ಚಿಮ್ಮಿತು. ನೀರಿನ ಏಟಿಗೆ ಚಕ್ರ ಎರಡು ಸುತ್ತು ಬಂದು ನಿಂತಿತು. ಗೋಡೆಯೆಲ್ಲ ಒದ್ದೆ. ನೀರು ಕಡಿಮೆ ಮಾಡಿದಳು. ಹಬೆ ಸಾಲಲಿಲ್ಲ. ಹೆಚ್ಚು ಮಾಡಿದಳು. ಮತ್ತೆ ಚಿಮ್ಮಿತು. ನಿಜವಾದ ಸ್ಥಾವರದಲ್ಲಿ ನೀರನ್ನೂ ಹಬೆಯನ್ನೂ ಬೇರೆ ಮಾಡುವ ಪಾತ್ರೆಯೊಂದಿರುತ್ತದೆ ಎಂದು ಓದಿದ್ದಳು. ಅದು ಕೆಲಸ ಮಾಡುವ ಬಗೆ ಮಾತ್ರ ತಲೆಗೆ ಹೋಗಿರಲಿಲ್ಲ. ಅಂಗಡಿಯ ಸೋಲಾರೇ ವಾಸಿಯಿತ್ತೇನೋ, ನನ್ನಂಥವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದುಕೊಂಡು ಮೂಲೆಯಲ್ಲಿ ಕೂತಳು.

ಎದುರಿಗೆ ಸಿದ್ದಗಂಗಮ್ಮ ರೇಷನ್ ಅಕ್ಕಿ ಗಾಳಿಸುತ್ತಿದ್ದಳು. ಬೋಗುಣಿಯಲ್ಲಿ ನೀರು ಹಾಕಿ, ಸೊಂಟದ ಮಟ್ಟಕ್ಕೆ ಹಿಡಿದು ದುಂಡಗೆ ತಿರುಗಿಸುವುದು. ಅಕ್ಕಿ ನೀರಿನ ಜೊತೆ ಮುಂದಿನ ಪಾತ್ರೆಗೆ ಜಾರುತ್ತದೆ, ಕಲ್ಲು ತಳದಲ್ಲೇ ಉಳಿಯುತ್ತದೆ. ಶಿಲ್ಪಶ್ರೀ ನೋಡುತ್ತ ನೋಡುತ್ತ ನೆಟ್ಟಗೆ ಕೂತಳು.

"ಅತ್ತೆ, ಇನ್ನೊಂದ್ಸಲ ತಿರುಗಿಸಿ."

"ಯಾಕವ್ವಾ, ಅಕ್ಕಿ ಗಾಳ್ಸೋದು ಕಂಡಿಲ್ವಾ ನೀನು?"

"ಭಾರದ್ದು ಹಿಂದುಳಿಯತ್ತೆ. ಸುಮ್ನೆ ಸುತ್ತಿಸಿದ್ರೆ ಸಾಕು, ಭಾರದ್ದು ಹಿಂದುಳಿಯತ್ತೆ!"

"ಅದಕ್ಕೆ ಡಿಪ್ಲೊಮಾ ಬೇಕಾಗಿತ್ತಾ?" ಎಂದಳು ಅತ್ತೆ.

ಮೂರು ಲೀಟರಿನ ಸ್ಟೀಲು ಹಾಲಿನ ಕ್ಯಾನು ಹಿಡಿದುಕೊಂಡು ಅವಳು ನೇರ ರವಿಕಿರಣನ ಗ್ಯಾರೇಜಿಗೆ ಹೋದಳು. ಕೊಳವೆ ಕ್ಯಾನಿನ ಪಕ್ಕದಿಂದ ಓರೆಯಾಗಿ ಒಳಹೋಗಬೇಕು. ಹಬೆ ಮತ್ತು ನೀರು ಒಳಗೆ ಗಿರಗಿರ ಸುತ್ತಬೇಕು. ಭಾರದ ನೀರು ಗೋಡೆಗೆ ಅಂಟಿ ಕೆಳಗಿಳಿದರೆ ಅಲ್ಲೊಂದು ನಲ್ಲಿ. ಒಣ ಹಬೆಗೆ ಮುಚ್ಚಳದ ಮೇಲಿಂದ ದಾರಿ.

ರವಿಕಿರಣ್ ಕ್ಯಾನನ್ನು ತಿರುಗಿಸಿ ನೋಡಿದ. "ನಿಮ್ಮಿಂದ ನಂದು ಒಂದು ವರ್ಷ ಹೋಯ್ತು ಸತ್ಯಕ್ಕ. ಈಗ ವೆಲ್ಡಿಂಗೂ ನಾನೇ ಮಾಡ್ಬೇಕಾ?"

ಅವಳ ಕಣ್ಣು ತುಂಬಿದ್ದು ಕಂಡು ಅವನೇ ಗಾಬರಿಯಾದ. "ಅಯ್ಯೋ, ರೇಗಿಸ್ದೆ ಅಕ್ಕ. ಕೊಡಿ ಇತ್ಲಾಗೆ. ಈ ಸಲ ನಾನೂ ಅಂಗಡಿಗೆ ಹೋಗಿಲ್ಲ ಗೊತ್ತಾ? ಹಳೇ ಬೈಕ್ ಎಂಜಿನ್ ಕೊಯ್ದು, ಒಳಗೆ ಎಲ್ಲಾ ಕಾಣೋ ಹಾಗೆ ಮಾಡಿದೀನಿ. ಸಖತ್ತಾಗಿದೆ."

ಆ ವಾರ ಗಂಗಾಧರಯ್ಯನವರ ಸೈಕಲ್ ದೀಪ ಇಡ್ಲಿ ಅಡುಗೆಮನೆಯಲ್ಲಿ ಹೊತ್ತಿಕೊಂಡಿತು. ಒಂದು ಸಲ ಹೊತ್ತಿದ್ದಕ್ಕೆ ಶಿಲ್ಪಶ್ರೀಗೆ ನಂಬಿಕೆ ಬರಲಿಲ್ಲ. ಹನ್ನೊಂದು ಸಲ ಹೊತ್ತಿಸಿ, ಹನ್ನೊಂದು ಸಲವೂ ಸೆಕೆಂಡು ಎಣಿಸಿ ಬರೆದಿಟ್ಟಳು. ಗೇಜಿನಲ್ಲಿ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡವಿದ್ದಾಗ ಶುರುಮಾಡಿದರೆ ಹೆಚ್ಚುಕಡಿಮೆ ನಲವತ್ತೆಂಟು ಸೆಕೆಂಡು. ಮುಳ್ಳು ಸೊನ್ನೆ ಪಾಯಿಂಟ್ ಮೂರಕ್ಕೆ ಇಳಿದಾಗ ದೀಪ ಸಾಯುತ್ತದೆ.

ಪರೀಕ್ಷೆಯ ದಿನ ಮಧ್ಯಾಹ್ನ ಎರಡಕ್ಕೆ ಕಾಲೇಜಿನ ವಾಟ್ಸಾಪ್ ಗುಂಪಿಗೆ ಸೂಚನೆ ಬಂತು: ಕಟ್ಟಡದೊಳಗೆ ಗ್ಯಾಸ್ ಸಿಲಿಂಡರ್ ತರುವಂತಿಲ್ಲ.

ಅವಳು ಮೇಷ್ಟ್ರಿಗೆ ಫೋನು ಮಾಡಿದಳು. "ಅದಕ್ಕೇನಮ್ಮ, ಇಂಡಕ್ಷನ್ ಸ್ಟೌ ತನ್ನಿ" ಎಂದರು. ಮೇಲಿನ ಮಹಡಿಯವರಿಂದ ಇಂಡಕ್ಷನ್ ಬಂತು. ಕುಕ್ಕರ್ ಇಟ್ಟರೆ ಅದು ಕುಯ್ ಕುಯ್ ಎಂದು ಅತ್ತು ಆರಿಹೋಯಿತು. ಮದುವೆ ಅಡುಗೆಯವರು ಬಳಸುವ ದೊಡ್ಡ ಕುಕ್ಕರೆಲ್ಲ ಅಲ್ಯೂಮಿನಿಯಂ, ಇಂಡಕ್ಷನ್ನಿಗೆ ಅದು ಆಗಿಬರುವುದಿಲ್ಲ. ಅದು ತನಗೆ ತಿಳಿದಿರಬೇಕಿತ್ತು, ಮೂರನೆಯ ಸೆಮಿಸ್ಟರಿನಲ್ಲೇ ಓದಿದ್ದಳು. ಕರೆಂಟಿನ ದೊಡ್ಡ ಕಾಯಿಲ್ ಒಲೆ ಒಯ್ಯೋಣವೆಂದರೆ ಲ್ಯಾಬಿನ ಫ್ಯೂಸು ಹಾರುತ್ತದೆ. ಗಂಟೆ ಮೂರು. ಆರಕ್ಕೆ ಪರೀಕ್ಷೆ.

"ಹೋಯ್ತು" ಎಂದು ನೆಲದ ಮೇಲೆ ಕೂತಳು. "ಅಲ್ಲಿ ಒಲೆ ಇಲ್ಲ. ಒಲೆ ಇಲ್ದೆ ಹಬೆ ಎಲ್ಲಿಂದ ಬರತ್ತೆ?"

ಸಿದ್ದಗಂಗಮ್ಮ ಸೊಸೆಯನ್ನೇ ನೋಡಿದಳು. "ಅಲ್ಲಾ ಕಣವ್ವಾ, ಮೂರು ತಿಂಗಳಿಂದ ನೀನೇ ಹೇಳ್ತಿದ್ದೆ, ಒಲೆ ಇಲ್ದೇ ಇರೋ ಹಬೆ ಅಂತ. ಈಗ ಒಲೆ ಇಲ್ಲ ಅಂತ ಅಳ್ತೀಯ? ಬಿಟಿಎಮ್ಮಿನ ಹುಡುಗ್ರು ಒಂಬತ್ತು ಗಂಟೆಗೆ ಎದ್ದು ತಿನ್ನೋ ಇಡ್ಲಿ ಹೆಂಗೆ ಬಿಸಿ ಇರ್ತದೆ? ಅಲ್ಲೇನು ನಾವು ಒಲೆ ಹಚ್ಚಿದೀವಾ?"

ಶಿಲ್ಪಶ್ರೀ ತಲೆಯೆತ್ತಿದಳು.

ಮುಂದಿನದೆಲ್ಲ ಒಂದೇ ಉಸಿರಿನಲ್ಲಿ ನಡೆಯಿತು. ದೊಡ್ಡ ಒಲೆಯ ಮೇಲೆ ಕುಕ್ಕರ್ ಏರಿತು. ಮುಳ್ಳು ಒಂದು ಕೆಜಿ ದಾಟಿದ ಮೇಲೆ ಸೋಮನಾಥ ಒಲೆ ಆರಿಸಿದ. ಸಿದ್ದಗಂಗಮ್ಮ ಇಡ್ಲಿ ಡಬ್ಬಿಗೆ ಸುತ್ತುವ ಗೋಣಿಚೀಲವನ್ನು ಕುಕ್ಕರಿಗೆ ಸುತ್ತಿ, ಅದರ ಮೇಲೆ ತವರಿನಿಂದ ತಂದ ಕರಿಕಂಬಳಿಯನ್ನು ಎರಡು ಮಡಿಕೆ ಹೊದಿಸಿ, ಹಗ್ಗ ಬಿಗಿದಳು. ಗೇಜೂ ಸೇಫ್ಟಿ ವಾಲ್ವುಗಳೂ ಮಾತ್ರ ಹೊರಗೆ. ಅವು ಮುಚ್ಚಿಹೋಗಿಲ್ಲ ತಾನೇ ಎಂದು ಶಿಲ್ಪಶ್ರೀ ನಾಲ್ಕು ಸಲ ಮುಟ್ಟಿ ನೋಡಿದಳು. ನಾಲ್ಕೂವರೆಗೆ ವ್ಯಾನು ಹೊರಟಿತು. ಮುಂದೆ ಸೋಮನಾಥ. ಹಿಂದೆ, ಮರದ ಪೆಟ್ಟಿಗೆಯಲ್ಲಿ ಕೂತ ಕುಕ್ಕರಿನ ಆಚೆ ಅತ್ತೆ, ಈಚೆ ಸೊಸೆ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಮುಳ್ಳು ಒಂದರ ಮೇಲಿತ್ತು. ಬನಶಂಕರಿ ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿಗಳು ಅಂಟು ಹಾಕಿದಂತೆ ನಿಂತವು. ಮೇಲೆ ಎರಡು ಮೆಟ್ರೊ ರೈಲು ಹಾದುಹೋದವು, ಕೆಳಗೆ ವ್ಯಾನು ನಾಲ್ಕು ಮಾರು ಸರಿಯಿತು. ಸೊನ್ನೆ ಪಾಯಿಂಟ್ ಒಂಬತ್ತು.

"ರೀ, ಒಳ ರಸ್ತೆ ಹಿಡೀರಿ!"

"ಒಳ ರಸ್ತೆ ಅಗೆದವ್ರೆ ಕಣೇ. ಕುಕ್ಕರ್ ಕುಣಿದ್ರೆ ಪರವಾಗಿಲ್ವಾ?"

"ಬೇಡ ಬೇಡ, ಇಲ್ಲೇ ನಿಧಾನಕ್ಕೆ ಹೋಗಿ."

ಪಾಲಿಟೆಕ್ನಿಕ್ ತಲುಪುವಾಗ ಐದೂ ಮುಕ್ಕಾಲು. ಮುಳ್ಳು ಸೊನ್ನೆ ಪಾಯಿಂಟ್ ಎಂಟು. ಮೇಜಿನ ಮೇಲೆ ಕುಕ್ಕರು, ಕ್ಯಾನು, ಚಕ್ರ, ಡೈನಮೋ, ಎಲ್ಲ ಜೋಡಿಸಿ ನಿಂತಾಗ ಪರೀಕ್ಷಕರು ಒಳಗೆ ಬಂದರು. ಅದೇ ದಪ್ಪ ಕನ್ನಡಕ. ನಂದಕುಮಾರ್.

ಅವಳ ಸರದಿ ಒಂಬತ್ತನೆಯದು. ಅವರು ಪ್ರತಿ ಮೇಜಿನ ಮುಂದೆಯೂ ನಿಧಾನವಾಗಿ ನಿಂತು, ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು, "ಯಾವ ಅಂಗಡಿ?" ಎರಡು ಮೇಜು ಮುಗಿಯುವಷ್ಟರಲ್ಲಿ ಮುಳ್ಳು ಸೊನ್ನೆ ಪಾಯಿಂಟ್ ಏಳಕ್ಕಿಂತ ಕೆಳಗಿತ್ತು. ಅಷ್ಟು ಕಡಿಮೆಯಿಂದ ಅವಳು ಎಂದೂ ಶುರುಮಾಡಿ ನೋಡಿರಲಿಲ್ಲ. ತಿರುಗುವ ಚಕ್ರ ಸೊನ್ನೆ ಪಾಯಿಂಟ್ ಮೂರರವರೆಗೂ ತಿರುಗುತ್ತದೆ. ನಿಂತ ಚಕ್ರ ಏಳಲು ಎಷ್ಟು ಬೇಕು? ಹನ್ನೊಂದು ಸಲದ ಲೆಕ್ಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಮೂರನೆಯ ಮೇಜು ರವಿಕಿರಣನದು. ಪರೀಕ್ಷಕರು ಹತ್ತಿರ ಬರುತ್ತಿದ್ದಂತೆ ಅವನು ಕೊಯ್ದ ಎಂಜಿನ್ನಿನ ಮೇಲೆ ಬಟ್ಟೆ ಎಳೆದ.

"ಸಾರ್, ನನ್ ಎಂಜಿನ್ ಎಲ್ಲೂ ಓಡೋಗಲ್ಲ. ಅಕ್ಕನ ಹಬೆ ಓಡೋಗ್ತಾ ಇದೆ. ದಯವಿಟ್ಟು ಅವರದ್ದು ಮೊದಲು ನೋಡಿ ಸಾರ್."

ನಂದಕುಮಾರ್ ತಿರುಗಿ ನೋಡಿದರು. ಕಂಬಳಿ ಹೊದ್ದ ಕುಕ್ಕರು, ಅದರ ಪಕ್ಕದಲ್ಲಿ ಸೆರಗು ಸಿಕ್ಕಿಸಿ ನಿಂತ ಸಿದ್ದಗಂಗಮ್ಮ, ಬಿಳಿಚಿಕೊಂಡ ಶಿಲ್ಪಶ್ರೀ. ಅವರಿಗೆ ಗುರುತು ಹತ್ತಿತು.

"ಓ, ನೀವಾ. ಈ ಸಲ ಯಾವ ಅಂಗಡಿ ಅಮ್ಮ?"

"ಅಂಗಡಿ ಅಲ್ಲ ಸಾರ್. ಕುಕ್ಕರ್ ನಮ್ಮತ್ತೇದು. ರೆಕ್ಕೆ ಇಡ್ಲಿ ತಟ್ಟೇದು. ಡೈನಮೋ ನಮ್ ಓನರ್ ಸೈಕಲ್‌ದು. ವೆಲ್ಡಿಂಗ್ ರವಿಕಿರಣ್ ಮಾಡಿದ್ದು, ನಾನಲ್ಲ. ನೀರು, ಹಬೆ ಬೇರೆ ಮಾಡೋ ಉಪಾಯ..." ಅವಳು ಸಿದ್ದಗಂಗಮ್ಮನ ಕಡೆ ನೋಡಿದಳು. "ಅದೂ ನಮ್ಮತ್ತೇದೇ ಸಾರ್. ಅಕ್ಕಿ ಗಾಳಿಸೋದು ನೋಡಿ ಹೊಳೀತು."

"ಮತ್ತೆ ನಿಮ್ಮದೇನು?"

"ಜೋಡಿಸಿದ್ದು, ಪರೀಕ್ಷೆ ಮಾಡಿದ್ದು, ಸಾರ್."

ಪರೀಕ್ಷಕರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಡೈನಮೋದ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡು ದೀಪದವರೆಗೂ ಹೋದರು. "ಬ್ಯಾಟರಿ ಎಲ್ಲೂ ಇಲ್ಲ. ಸರಿ, ಒಲೆ ಎಲ್ಲಿ?"

"ಒಲೆ ಇಲ್ಲ ಸಾರ್." ಆ ಮಾತು ಹೇಳುತ್ತಿದ್ದಂತೆ ಅವಳ ದನಿಯ ನಡುಕ ತಾನಾಗಿ ನಿಂತಿತು. "ಇರಬಾರದು. ಈ ಸ್ಥಾವರಕ್ಕೆ ಒಲೆ ಇರೋದು ನೆಲದ ಕೆಳಗೆ. ನಮ್ಮದು ಜರಗನಹಳ್ಳೀಲಿದೆ. ನೀರು ಕಾದು ಒಂದೂವರೆ ಗಂಟೆ ಮೇಲಾಯ್ತು. ಭೂಮಿ ಒಳಗೆ ಬಿಸಿನೀರಿನ ಮೇಲೆ ಗಟ್ಟಿ ಬಂಡೆಯ ಹೊದಿಕೆ ಇರತ್ತೆ ಸಾರ್, ಶಾಖಾನೂ ಒತ್ತಡಾನೂ ಸೋರೋಕೆ ಬಿಡಲ್ಲ. ಇಲ್ಲಿ ಒತ್ತಡ ಹಿಡಿದಿರೋದು ಮುಚ್ಚಳ, ಶಾಖ ಹಿಡಿದಿರೋದು ಈ ಕಂಬಳಿ. ನೀರು ಈಗಲೂ ನೂರು ಡಿಗ್ರಿ ಮೇಲಿದೆ, ಆದ್ರೆ ಕುದೀತಿಲ್ಲ. ನಾನು ವಾಲ್ವು ತೆಗೆದಾಗ ಒತ್ತಡ ಇಳಿದು ಕುದಿಯತ್ತೆ."

"ಎಲ್ಲಿ, ತೆಗೀರಿ."

ಮುಳ್ಳು ಸೊನ್ನೆ ಪಾಯಿಂಟ್ ಆರರ ಮೇಲಿತ್ತು. ಅವಳು ವಾಲ್ವು ಸ್ವಲ್ಪವೇ ತಿರುಗಿಸಿದಳು. ಚಕ್ರ ಅಲುಗಲಿಲ್ಲ. ಕ್ಯಾನಿನ ತಳದ ನಲ್ಲಿ ಬಿಟ್ಟಳು, ಕೆಳಗಿಟ್ಟ ಬಕೆಟ್ಟಿಗೆ ನೀರು ಸುರಿಯಿತು.

"ನೀರು ಸುರೀತಿದೆಯಲ್ಲಮ್ಮ?"

"ಸುರೀಬೇಕು ಸಾರ್. ಕೊಳವೆ ತಣ್ಣಗಿದೆ, ಮೊದಲ ಹಬೆ ನೀರಾಗತ್ತೆ. ಅದು ಹೋಗ್ಬಿಡ್ಲಿ."

ಒಂದೊಂದು ಹನಿಯ ಜೊತೆಗೂ ಒತ್ತಡ ಇಳಿಯುತ್ತಿತ್ತು. ಹಾಳುಮಾಡಲು ಹಬೆಯಿಲ್ಲ, ಆದರೆ ಒದ್ದೆ ಹಬೆ ಬಿಟ್ಟರೆ ಚಕ್ರ ಸಾಯುತ್ತದೆ. ಅವಳು ಕಾದಳು. ನಲ್ಲಿಯ ನೀರು ಸಣ್ಣಗಾಯಿತು, ಸದ್ದು ಬದಲಾಯಿತು, ಹಿಸ್ಸೆಂದು ಒಣಗಿತು. ಆರುನೂರು ಇಡ್ಲಿಯ ಬೆಳಗುಗಳಲ್ಲಿ ಅವಳ ಕಿವಿ ಆ ಸದ್ದನ್ನು ಕಲಿತಿತ್ತು. ನಲ್ಲಿ ಮುಚ್ಚಿ ವಾಲ್ವನ್ನು ಪೂರ್ತಿ ತಿರುಗಿಸಿದಳು.

ಕಂಬಳಿಯೊಳಗೆ ಕುಕ್ಕರು ಗುಡುಗಿತು. ಒಲೆಯಿಲ್ಲದೆ, ಉರಿಯಿಲ್ಲದೆ, ಹನ್ನೆರಡು ಲೀಟರು ನೀರು ಮತ್ತೆ ಕೊತಕೊತ ಕುದಿಯಿತು. ಕ್ಯಾನಿನೊಳಗೆ ನೀರು ಗಿರಗಿರ ಸುತ್ತುವುದು ಕೇಳಿಸಿತು. ಇಡ್ಲಿ ತಟ್ಟೆಯ ರೆಕ್ಕೆಗಳು ಒಮ್ಮೆ ತಡವರಿಸಿ, ಅರ್ಧ ಸುತ್ತು ಬಂದು, ಮನಸ್ಸು ಮಾಡಿದಂತೆ ತಿರುಗತೊಡಗಿದವು. ನೋಡನೋಡುತ್ತ ರೆಕ್ಕೆಗಳು ಕಾಣದೆ ಬರೀ ಹೊಳಪು ಉಳಿಯಿತು. ಗಂಗಾಧರಯ್ಯನವರ ಹಾಲಿನ ಸೈಕಲ್ಲಿನ ದೀಪ ಮೊದಲು ಕೆಂಪಗಾಯಿತು, ಆಮೇಲೆ ಹಳದಿ, ಆಮೇಲೆ ಪರೀಕ್ಷಕರ ದಪ್ಪ ಕನ್ನಡಕದ ಎರಡು ಗಾಜಿನಲ್ಲೂ ಬೆಳ್ಳಗೆ ಬೆಳಗಿತು.

"ಹತ್ತಿತು!" ಎಂದು ಕೂಗಿದ್ದು ಸಿದ್ದಗಂಗಮ್ಮ. ರವಿಕಿರಣ್ ಶಿಳ್ಳೆ ಹಾಕಿದ. ಉಳಿದ ಮೇಜಿನವರೆಲ್ಲ ಸುತ್ತ ಮುತ್ತಿಕೊಂಡು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ವ್ಯಾನಿನ ಕೀಲಿ ಹಿಡಿದು ನಿಂತಿದ್ದ ಸೋಮನಾಥ ಕೀಲಿಯನ್ನೇ ಮೇಲಕ್ಕೆಸೆದು ಹಿಡಿದ.

ಶಿಲ್ಪಶ್ರೀ ಗಡಿಯಾರ ನೋಡುತ್ತಿದ್ದಳು. ದೀಪ ಆರಿದಾಗ ಹೇಳಿದಳು, "ಇಪ್ಪತ್ತಾರು ಸೆಕೆಂಡು ಸಾರ್. ಮನೇಲಿ ನಲವತ್ತೆಂಟು ಬರತ್ತೆ. ಇಲ್ಲಿ ಒತ್ತಡ ಕಮ್ಮಿ ಇತ್ತು."

"ಯಾರು ಕೇಳಿದ್ರಮ್ಮ ನಲವತ್ತೆಂಟು?" ನಂದಕುಮಾರ್ ಕಂಬಳಿಯನ್ನು ಮುಟ್ಟಿ ನೋಡಿದರು. ಇನ್ನೂ ಬೆಚ್ಚಗಿತ್ತು. "ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ. ನೆಲದ ಕೆಳಗಿನ ಒಲೇನ ಯಾರೂ ನನಗೆ ಹೀಗೆ ತೋರಿಸಿರಲಿಲ್ಲ." ಅವಳ ವರದಿ ಪುಸ್ತಕಕ್ಕೆ ಸಹಿ ಹಾಕಿ ಮುಖ ಗಂಟುಹಾಕಿದರು. "ಮುಂದಿನ ವರ್ಷ ನಿಮ್ಮನ್ನ ಈ ಲ್ಯಾಬಲ್ಲಿ ನೋಡೋಕೆ ನನಗಿಷ್ಟ ಇಲ್ಲ."

ಅವಳು ವರದಿ ಪುಸ್ತಕದ ಕಡೆ ಬಗ್ಗಿದಳು. "ಸಾರ್, ಏನಾದ್ರೂ ತಪ್ಪಾಯ್ತಾ..."

"ಪಾಸಾದೋರು ಯಾಕಮ್ಮ ಬರ್ತಾರೆ ಇಲ್ಲಿಗೆ?"

ಚಪ್ಪಾಳೆ ಮತ್ತೊಮ್ಮೆ ಎದ್ದಿತು. ಸಿದ್ದಗಂಗಮ್ಮ ಸೊಸೆಯ ಮುಖ ನೀವಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಎಲ್ಲರೂ ಮಾತಾಡುತ್ತಿದ್ದಾಗ ಶಿಲ್ಪಶ್ರೀ ಮಾತ್ರ ಬಕೆಟ್ಟಿನಲ್ಲಿ ತಣ್ಣಗಾಗಿ ಕೂಡಿದ್ದ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡಳು. ಗೇಜಿನ ಮುಳ್ಳು ಸೊನ್ನೆ ಮುಟ್ಟಿದೆಯೆಂದು ಎರಡು ಸಲ ನೋಡಿದಳು. ಮುಚ್ಚಳ ತೆರೆದು ನೀರನ್ನು ಕುಕ್ಕರಿಗೇ ಸುರಿದಳು.

"ಇನ್ನೇನು ಮಾಡ್ತಿದೀರಿ ಸತ್ಯಕ್ಕ? ಮುಗೀತಲ್ಲ!" ಎಂದ ರವಿಕಿರಣ್, ತನ್ನ ಎಂಜಿನ್ನಿನ ಬಟ್ಟೆ ತೆಗೆಯುತ್ತ.

"ಕೊನೇ ಹಂತ ಬಾಕಿ ಇತ್ತು. ನೀರು ವಾಪಸ್ ಭೂಮಿಗೆ ಹೋಗ್ಬೇಕು, ವರದೀಲಿ ಹಾಗೇ ಬರ್ದಿದೀನಿ."

ಎಂಟು ಗಂಟೆಗೆ ವ್ಯಾನು ಜರಗನಹಳ್ಳಿಯ ಬೀದಿಗೆ ತಿರುಗಿದಾಗ ಗಂಗಾಧರಯ್ಯ ಗೇಟಿನಲ್ಲೇ ನಿಂತಿದ್ದರು. ಏನನ್ನೂ ಕೇಳದೆ ಕೈ ಚಾಚಿದರು. ಶಿಲ್ಪಶ್ರೀ ಸೈಕಲ್ ದೀಪವನ್ನು ಆ ಕೈಯಲ್ಲಿಟ್ಟಳು.

"ಹತ್ತಿತಾ?"

"ಇಪ್ಪತ್ತಾರು ಸೆಕೆಂಡು, ಅಂಕಲ್."

ಅವರು ದೀಪವನ್ನು ತಿರುಗಿಸಿ, ಗಾಜಿನ ಮೇಲಿದ್ದ ಹಬೆಯ ಕಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಮೇಲಿನ ಮಹಡಿಯವರಿಗೂ ಕೇಳುವಂತೆ ಕೂಗಿದರು, "ಲೇ, ನಮ್ಮುಡುಗಿ ನೆಲದಿಂದ ಕರೆಂಟ್ ತೆಗೆದ್ಬಿಟ್ಳು ಕಣ್ರೋ!"

ಸಿದ್ದಗಂಗಮ್ಮ ಅಷ್ಟರಲ್ಲೇ ಕುಕ್ಕರಿನ ಕಂಬಳಿ ಬಿಚ್ಚುತ್ತಿದ್ದಳು. ನಾಳೆಯ ಬೇಳೆಗೆ ಅದು ಬೇಕಿತ್ತು.